ಓದುಗರ ಸ್ಪಂದನ: ‘ಅತ್ತೆಯ ಆಸೆಗೆ ನಾನು ಮತಾಂತರ ಆಗಬೇಕೇ?’

ಕಳೆದ ಸಂಚಿಕೆಯ ಪತ್ರದ ಸಾರ: ‘ನಾನು ನಾಪೋಕ್ಲು ಕಡೆಯ ಕೊಡವರ ಮಗಳು. ಗಂಡ ವಿರಾಜಪೇಟೆ ಕಡೆಯ, ಮನೆಯಲ್ಲಿ ಮಲಯಾಳಂ ಮಾತಾಡುವ ಮುಸ್ಲಿಂ. ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು, ನಿಕಾಹ್ ಆಗಿಲ್ಲ. ಐದು ವರ್ಷದ ಒಬ್ಬಳೇ ಮಗಳು. ಗಂಡನ ಹೆಸರಿನಲ್ಲಿ 12 ಎಕರೆ ಕಾಫಿ ತೋಟವಿದೆ. ಮಾವ ಇಲ್ಲ, ಅತ್ತೆ ಮತ್ತು ಇಬ್ಬರು ಮೈದುನರಿದ್ದಾರೆ. ಮಗಳನ್ನು ಮದ್ರಸಕ್ಕೆ ಸೇರಿಸುವ ಮುಂಚೆ ನಾನು ಇಸ್ಲಾಂಗೆ ಬರಬೇಕೆಂದು ಅತ್ತೆಯ ಆಸೆ. ಗಂಡ “ನಿನ್ನಿಷ್ಟ” ಅಂದು ಸುಮ್ಮನಾಗುತ್ತಾರೆ. ನಮಾಜಿನ ಕಡೆ ನನ್ನ ಮನಸ್ಸು ಸ್ವಲ್ಪ ಹೋಗಿರುವುದು ನಿಜ. ಆದರೆ ಅಪ್ಪನ ಮನೆಯ ಹುತ್ತರಿ (ಸುಗ್ಗಿ ಹಬ್ಬ), ನೆಲ್ಲಕ್ಕಿಯ (ಮನೆಯ ನಡುಕೋಣೆಯ) ದೀಪ ಬಿಟ್ಟುಹೋಗುತ್ತದೆಂಬ ಅಳುಕು. ಮತಾಂತರ ಆಗದಿದ್ದರೆ ಮದುವೆ ಊರ್ಜಿತವೇ? ಮತಾಂತರ ಆದರೆ ಏನೇನು ಬದಲಾಗುತ್ತದೆ?’

ನಿಮ್ಮ ಕೈಲಿರುವ ಸರ್ಟಿಫಿಕೇಟನ್ನು ಭದ್ರವಾಗಿಡಿ

ಮೊದಲ ಪ್ರಶ್ನೆಗೆ ಉತ್ತರ ಸುಲಭ. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಧರ್ಮ ಬದಲಿಸದೆ ಮದುವೆಯಾಗುವವರಿಗಾಗಿ. 30 ದಿನದ ನೋಟಿಸು, ಮೂವರು ಸಾಕ್ಷಿಗಳು, ವಿವಾಹಾಧಿಕಾರಿಯ ಸಹಿ ಆಗಿದ್ದರೆ ನಿಮ್ಮ ಮದುವೆ ಪೂರ್ತಿ ಊರ್ಜಿತ. ನಾಳೆ ನೀವು ಧರ್ಮ ಬದಲಿಸಿದರೂ ಅದು ಮುರಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮತಾಂತರವೇ ವಿಚ್ಛೇದನಕ್ಕೆ ಒಂದು ಕಾರಣ. ಈ ಕಾಯ್ದೆಯಲ್ಲಿ ಅದು ಕಾರಣವಲ್ಲ.

ಜನ ಎಡವುವುದು ಆಸ್ತಿಯ ವಿಷಯದಲ್ಲಿ. ಈ ಕಾಯ್ದೆಯ 21ನೇ ಕಲಮಿನ ಪ್ರಕಾರ ನಿಮ್ಮಿಬ್ಬರ ಮತ್ತು ಮಗಳ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ. ಲೆಕ್ಕ ಹೀಗೆ: ಗಂಡ ಉಯಿಲು ಬರೆಯದೆ ತೀರಿಕೊಂಡರೆ 12 ಎಕರೆಯಲ್ಲಿ ನಿಮಗೆ ಮೂರನೇ ಒಂದು ಭಾಗ, ಅಂದರೆ 4 ಎಕರೆ. ಉಳಿದ 8 ಮಗಳಿಗೆ. ಅತ್ತೆಗೂ ಮೈದುನರಿಗೂ ಪಾಲಿಲ್ಲ. ಇದೇ ಮದುವೆ ಬರೀ ನಿಕಾಹ್ ಆಗಿದ್ದು, ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ಹಂಚಿದರೆ ನಿಮಗೆ ಎಂಟನೇ ಒಂದು ಭಾಗ, ಒಂದೂವರೆ ಎಕರೆ. ಒಬ್ಬಳೇ ಮಗಳಾದ್ದರಿಂದ ಅವಳಿಗೆ ಅರ್ಧ, 6 ಎಕರೆ. ಅತ್ತೆಗೆ ಆರನೇ ಒಂದು ಭಾಗ, 2 ಎಕರೆ. ಮಿಕ್ಕ ಎರಡೂವರೆ ಎಕರೆ ಮೈದುನರಿಗೆ. ಈ ವ್ಯತ್ಯಾಸಕ್ಕಾಗಿಯೇ, ಮೂವರು ಹೆಣ್ಣುಮಕ್ಕಳಿದ್ದ ಕಾಸರಗೋಡು ಜಿಲ್ಲೆಯ ಮುಸ್ಲಿಂ ದಂಪತಿಯೊಬ್ಬರು ನಿಕಾಹ್ ಆಗಿ ಎಷ್ಟೋ ವರ್ಷದ ಮೇಲೆ, 2023ರ ಮಹಿಳಾ ದಿನದಂದು, ಇದೇ ಕಾಯ್ದೆಯಡಿ ಮತ್ತೆ ಮದುವೆಯಾದರು. ನಿಮಗೆ ಆ ಅನುಕೂಲ ಈಗಾಗಲೇ ಇದೆ.

ನಿಮ್ಮ ಸ್ಥಿತಿಗೆ ತಿರುಗುಮುರುಗಾದದ್ದು ಎಂದರೆ ಹೆಂಡತಿ ಮತಾಂತರವಾಗದೆ ಬರೀ ನಿಕಾಹ್ ಓದಿಸಿಕೊಂಡಿರುವುದು. 2019ರ ಜನವರಿಯಲ್ಲಿ ಮೊಹಮ್ಮದ್ ಸಲೀಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಅಂಥ ಮದುವೆ ‘ಫಾಸಿದ್’, ಅಂದರೆ ಕ್ರಮಬದ್ಧವಲ್ಲದ್ದು. ಮಕ್ಕಳು ಔರಸರೇ, ತಂದೆಯ ಆಸ್ತಿಗೆ ಹಕ್ಕುದಾರರೇ. ಹೆಂಡತಿಗೆ ಮಹರ್ (ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನ) ಸಿಗುತ್ತದೆ, ಗಂಡನ ಆಸ್ತಿಯಲ್ಲಿ ಪಾಲು ಸಿಗುವುದಿಲ್ಲ.

ಆದ್ದರಿಂದ ಮುಂದೆ ನೀವು ಇಸ್ಲಾಂ ಸ್ವೀಕರಿಸಿ ನಿಕಾಹ್ ಮಾಡಿಕೊಂಡರೂ ಅದು ಈಗಿನ ಮದುವೆಯ ಮೇಲೆ ಇನ್ನೊಂದು ವಿಧಿಯಾಗಿರಲಿ, ಅದರ ಬದಲಿಗೆ ಅಲ್ಲ. ‘ಹಳೆಯ ರಿಜಿಸ್ಟ್ರೇಶನ್ ರದ್ದು ಮಾಡಿಸಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಬರೀ ನಿಕಾಹ್‌ನಲ್ಲಿರುವವರಿಗೆ ಇನ್ನೊಂದು ಸಿಕ್ಕು ಇದೆ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ 4ನೇ ಕಲಮು, ಮುಸ್ಲಿಂ ಹೆಂಡತಿ ಧರ್ಮ ಬಿಟ್ಟಳೆಂಬ ಮಾತ್ರಕ್ಕೆ ಮದುವೆ ಮುರಿಯದು ಎನ್ನುತ್ತದೆ. ಆದರೆ ಬೇರೆ ಧರ್ಮದಿಂದ ಬಂದು ಮತ್ತೆ ತನ್ನ ಹಳೆಯ ಧರ್ಮಕ್ಕೆ ಮರಳುವವಳಿಗೆ ಈ ರಕ್ಷಣೆ ಇಲ್ಲ. ಬಂದು ಮನಸ್ಸೊಪ್ಪದೆ ಹಿಂತಿರುಗಿದರೆ ಮದುವೆಯೂ ಹೋಗಬಹುದು. ನಿಮ್ಮ ರಿಜಿಸ್ಟರ್ ಮದುವೆಗೆ ಆ ಭಯವಿಲ್ಲ.

ಇನ್ನು ಮತಾಂತರದ ಕಾಗದಪತ್ರ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮದ ಪ್ರಕಾರ ಮತಾಂತರವಾಗುವವರೂ ಮತಾಂತರ ಮಾಡಿಸುವ ಧರ್ಮಗುರುವೂ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಮೂನೆ ಸಲ್ಲಿಸಬೇಕು. ಜಿಲ್ಲಾಧಿಕಾರಿ ಮತ್ತು ತಹಸೀಲ್ದಾರ್ ಕಚೇರಿಯ ಫಲಕದಲ್ಲಿ ಅದನ್ನು ಹಾಕಿ 30 ದಿನ ಆಕ್ಷೇಪಣೆ ಕೇಳುತ್ತಾರೆ. ಮತಾಂತರ ಆದಮೇಲೆ 30 ದಿನದೊಳಗೆ ಇನ್ನೊಂದು ಘೋಷಣೆ, ಅದಾಗಿ 21 ದಿನದೊಳಗೆ ಖುದ್ದು ಹಾಜರಿ. ಒತ್ತಾಯ, ಆಮಿಷ ಇರಲಿಲ್ಲವೆಂದು ತೋರಿಸುವ ಹೊಣೆ ಮಾಡಿಸಿದವರ ಮೇಲಿದೆ. ಅಕ್ರಮವೆಂದಾಗಿ, ಮತಾಂತರವಾದವರು ಮಹಿಳೆಯಾದರೆ ಮಾಡಿಸಿದವರಿಗೆ ಶಿಕ್ಷೆ 3ರಿಂದ 10 ವರ್ಷ. ದೂರು ಕೊಡಲು ಅಪ್ಪ, ಅಮ್ಮ, ಅಣ್ಣತಮ್ಮಂದಿರೇ ಬೇಕಿಲ್ಲ, ಸಹೋದ್ಯೋಗಿಗೂ ಅವಕಾಶವಿದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಸಂಪುಟದ ತೀರ್ಮಾನದಿಂದಲೇ ಕಾನೂನು ಹೋಗುವುದಿಲ್ಲ, ವಿಧಾನಮಂಡಲದಲ್ಲಿ ಮಸೂದೆ ಪಾಸಾಗಿ ರಾಜ್ಯಪತ್ರದಲ್ಲಿ ಬರಬೇಕು. ನೀವು ಹೆಜ್ಜೆಯಿಡುವ ದಿನ ಅದು ಯಾವ ಸ್ಥಿತಿಯಲ್ಲಿದೆ ಎಂದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲೇ ವಿಚಾರಿಸಿ. ವಾಟ್ಸ್ಆ್ಯಪ್ ಸುದ್ದಿ ನಂಬಬೇಡಿ.

– ಒಬ್ಬ ವಕೀಲ, ಮಡಿಕೇರಿ

ಮದ್ರಸಕ್ಕೆ ನಿಮ್ಮ ಸರ್ಟಿಫಿಕೇಟ್ ಬೇಕಿಲ್ಲ

ಸಹೋದರಿ, ಮಗುವನ್ನು ಮದ್ರಸಕ್ಕೆ ಸೇರಿಸಲು ತಾಯಿ ಮುಸ್ಲಿಮಳಾಗಿರಬೇಕೆಂಬ ಷರತ್ತು ಇಲ್ಲ. ತಂದೆ ಮುಸ್ಲಿಂ ಆದರೆ ಸಾಕು. ಹಾಗಾದರೆ ನಿಮ್ಮ ಅತ್ತೆಯ ಚಿಂತೆ ಯಾವುದು? ನನಗೆ ಕಾಣುವುದು ಇದು: ಮಲಯಾಳಂ ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ನಡೆಯುವ ಶಾಫಿ ಪಂಥದ ಪ್ರಕಾರ ಮುಸ್ಲಿಂ ಗಂಡಿಗೆ ಯಹೂದಿ, ಕ್ರೈಸ್ತ ಹೆಣ್ಣನ್ನು ಬಿಟ್ಟರೆ ಮುಸ್ಲಿಮೇತರಳ ಜೊತೆ ನಿಕಾಹ್ ಸಲ್ಲುವುದಿಲ್ಲ. ಸರಕಾರದ ಕಾಗದ ಇದ್ದರೂ ಮಗ ಪಾಪದಲ್ಲಿದ್ದಾನೆ ಎಂದು ಆ ತಾಯಿ ಒಳಗೇ ಕೊರಗುತ್ತಿರಬಹುದು. ಅದನ್ನು ಮದ್ರಸದ ನೆಪದಲ್ಲಿ ಹೇಳುತ್ತಿರಬಹುದು. ಇದನ್ನು ಅವರ ಮಗನೇ ತಾಯಿಯ ಹತ್ತಿರ ಕೂತು ಬಿಡಿಸಬೇಕು. ‘ನಿನ್ನಿಷ್ಟ’ ಎಂದು ಹೆಂಡತಿಯ ತಲೆಗೆ ಕಟ್ಟುವುದು ಸರಿಯಲ್ಲ.

ಆದರೆ ಅವರ ಸಮಾಧಾನಕ್ಕೆಂದು ಶಹಾದತ್ (ಅಲ್ಲಾಹನಲ್ಲದೆ ಬೇರೆ ದೇವರಿಲ್ಲ, ಮುಹಮ್ಮದರು ಅವನ ದೂತರು ಎಂಬ ಸಾಕ್ಷಿವಚನ) ಹೇಳಬೇಡಿ. ‘ಧರ್ಮದಲ್ಲಿ ಬಲವಂತವಿಲ್ಲ’ ಎಂಬುದು ಕುರ್‌ಆನಿನದೇ ಮಾತು, ಅಲ್‌ಬಕರ ಅಧ್ಯಾಯದ 256ನೇ ಆಯತ್. ‘ಅಶ್ಹದು ಅನ್ ಲಾ ಇಲಾಹ ಇಲ್ಲಲ್ಲಾಹ್, ವ ಅಶ್ಹದು ಅನ್ನ ಮುಹಮ್ಮದನ್ ರಸೂಲುಲ್ಲಾಹ್’ ಎಂದು ಅರ್ಥ ತಿಳಿದು, ಮನಸ್ಸೊಪ್ಪಿ ಹೇಳಿದರೆ ಧರ್ಮದ ಮಟ್ಟಿಗೆ ಅಷ್ಟೇ. ಅದಕ್ಕೆ ಮೆರವಣಿಗೆ ಬೇಡ, ಹೆಸರು ಬದಲಿಸುವುದೂ ಬೇಡ. ಹೆಸರಿನ ಅರ್ಥ ತೌಹೀದಿಗೆ (ದೇವರೊಬ್ಬನೇ ಎಂಬ ನಂಬಿಕೆಗೆ) ವಿರುದ್ಧವಿದ್ದರೆ ಮಾತ್ರ ಬದಲಿಸಲು ಹೇಳುತ್ತೇವೆ. ಜಮಾಅತ್‌ನ (ಮಸೀದಿ ಸಮಿತಿಯ) ಪತ್ರ ಬೇಕಿದ್ದರೆ ಖತೀಬರು (ಮಸೀದಿಯ ಧರ್ಮಗುರು) ನಿಮ್ಮನ್ನು ಒಂಟಿಯಾಗಿ ಕೂರಿಸಿ, ಗಂಡ ಅತ್ತೆ ಯಾರೂ ಇಲ್ಲದಾಗ ಕೇಳಬೇಕು. ವಕೀಲರು ಹೇಳಿದ ನಮೂನೆಗಳ ಪ್ರತಿಯನ್ನೂ ಕೇಳಬೇಕು. ಕೇಳದೆ ಸೀಲು ಒತ್ತುವವರಿಂದ ದೂರವಿರಿ.

ಮನಸ್ಸು ಮಾಡಿದಿರಿ ಎಂದಿಟ್ಟುಕೊಳ್ಳಿ. ಆಗ ಹೊಸದಾಗಿ ನಿಕಾಹ್ ಆಗಬೇಕು. ಶಾಫಿಯಲ್ಲಿ ವಲಿ (ಹೆಣ್ಣನ್ನು ಮದುವೆ ಮಾಡಿಕೊಡುವ ಹಿರಿಯ) ಇಲ್ಲದೆ ನಿಕಾಹ್ ಇಲ್ಲ. ಮುಸ್ಲಿಮರಲ್ಲದ ನಿಮ್ಮ ತಂದೆ ವಲಿಯಾಗಲು ಬರುವುದಿಲ್ಲ, ಖಾಝಿ ಆ ಸ್ಥಾನದಲ್ಲಿ ನಿಲ್ಲುತ್ತಾರೆ. ತಂದೆಯವರಿಗೆ ಇದನ್ನು ಮೊದಲೇ ತಿಳಿಸಿ, ಆ ದಿನ ಗೊತ್ತಾದರೆ ಅವಮಾನವಾಯಿತು ಅಂದುಕೊಳ್ಳುತ್ತಾರೆ. ಇಬ್ಬರು ಮುಸ್ಲಿಂ ಗಂಡು ಸಾಕ್ಷಿಗಳು ಬೇಕು. ಮಹರ್ ನಿಮ್ಮ ಹಕ್ಕು: ರೂಪಾಯಿಯಲ್ಲಿ ಬರೆಸುವುದಕ್ಕಿಂತ ಗ್ರಾಂ ಲೆಕ್ಕದ ಚಿನ್ನದಲ್ಲಿ ಬರೆಸುವುದು ಒಳ್ಳೆಯದು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬುದು ರಿಜಿಸ್ಟರಿನಲ್ಲಿ ಇರಲಿ.

ಹಿಂದಿನ ನಮಾಜು, ಉಪವಾಸ ಯಾವುದನ್ನೂ ತೀರಿಸಬೇಕಿಲ್ಲ. ಮೊದಲು ಫಾತಿಹ (ಕುರ್‌ಆನಿನ ಮೊದಲ ಅಧ್ಯಾಯ) ಬಾಯಿಗೆ ಬರಲಿ, ವುಝೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಕಲಿಯಿರಿ, ಉಳಿದದ್ದು ನಿಧಾನ. ತಿಂಗಳ ದಿನಗಳಲ್ಲಿ ಬಿಟ್ಟ ನಮಾಜಿಗೆ ಕಝಾ (ಆಮೇಲೆ ತೀರಿಸುವುದು) ಇಲ್ಲ, ರಂಝಾನ್ ಉಪವಾಸಕ್ಕೆ ಇದೆ. ತೋಟದವರು ಕೇಳುವ ಪ್ರಶ್ನೆಯೊಂದು: ಶಾಫಿಯಲ್ಲಿ ಬೆಳೆಯ ಝಕಾತ್ (ಕಡ್ಡಾಯ ದಾನ) ಇರುವುದು ಭತ್ತದಂಥ ಆಹಾರಧಾನ್ಯಕ್ಕೆ, ಖರ್ಜೂರ, ದ್ರಾಕ್ಷಿಗೆ. ಕಾಫಿಗೂ ಕರಿಮೆಣಸಿಗೂ ಬೆಳೆಯ ಝಕಾತ್ ಇಲ್ಲ. ಇನ್ನೊಂದು ಪಂಥವಾದ ಹನಫಿಯವರಲ್ಲಿ ಎಲ್ಲ ಬೆಳೆಗೂ ಇದೆ, ಮಳೆಯಾಶ್ರಿತಕ್ಕೆ ಹತ್ತನೇ ಒಂದು, ನೀರು ಹಾಯಿಸಿದರೆ ಇಪ್ಪತ್ತನೇ ಒಂದು. ಮಾರಿ ಬಂದ ಹಣ ವರ್ಷವಿಡೀ ಉಳಿದು ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಮುಟ್ಟಿದರೆ ಎರಡೂವರೆ ಶೇಕಡಾ ಎರಡೂ ಕಡೆ ಒಂದೇ.

– ಒಬ್ಬ ಮುಅಲ್ಲಿಂ (ಮದ್ರಸದ ಶಿಕ್ಷಕ), ಸಿದ್ದಾಪುರ

ಹುತ್ತರಿಗೆ ಬಾಗಿಲು ಮುಚ್ಚುವುದಿಲ್ಲ, ಆದರೆ...

ತಂಗೀ, ಒಂದು ಗೊಂದಲ ಬಿಡಿಸುತ್ತೇನೆ. ಮತಾಂತರದಿಂದ ಒಕ್ಕ (ತಂದೆಯ ಕಡೆಯ ಮನೆತನ) ಬಿಟ್ಟುಹೋಗುತ್ತದೆ ಎಂದು ಕೊರಗುತ್ತೀ. ಕೊಡವರ ಹೆಣ್ಣು ಇನ್ನೊಂದು ಒಕ್ಕಕ್ಕೆ ಮದುವೆಯಾದರೂ ಹುಟ್ಟಿದ ಒಕ್ಕದವಳಾಗಿ ಉಳಿಯುವುದಿಲ್ಲ, ತಾಮನೆಗೆ (ತವರಿಗೆ) ನೆಂಟಳಾಗಿ ಬರುತ್ತಾಳೆ. ನೀನೂ ಹಾಗೆಯೇ ಬರುತ್ತೀ.

ಯಾವುದಕ್ಕೆ ಬರಬಹುದು, ಯಾವುದರಲ್ಲಿ ಕೈಹಾಕಬಾರದು ಎಂಬುದನ್ನು ಬಿಡಿಬಿಡಿಯಾಗಿ ನೋಡು. ಹುತ್ತರಿಯಂದು ಮನೆಯಲ್ಲಿರುವುದು, ಊಟ ಮಾಡುವುದು, ಕೋಲಾಟ ನೋಡುವುದು ಒಂದು. ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಅಕ್ಕಿ ಹಾಕಿ ಕೈಮುಗಿಯುವುದು, ಇಗ್ಗುತ್ತಪ್ಪ ದೇವರನ್ನು ನೆನೆದು ಕದಿರು (ಹೊಸ ಭತ್ತದ ತೆನೆ) ಹೊರುವುದು ಇನ್ನೊಂದು. ನಿನ್ನ ಗಂಡನ ಮನೆಯವರಿಗೆ ಎರಡನೆಯದು ಒಪ್ಪಿಗೆಯಾಗದು. ನೀನೇ ನಿಜವಾಗಿ ನಂಬಿ ಹೋದರೆ ನಿನಗೂ ಆಗದು. ಕಾರಣಂಗೆ (ಒಕ್ಕದ ಹಿರಿಯರಿಗೆ) ಕೊಡುವ ದಿನ ಮೀದಿ (ಎಡೆ) ಇಡುವಾಗ ಮಾಂಸ, ಮದ್ಯ ಎರಡೂ ಇರುತ್ತವೆ. ಆ ಹೊತ್ತು ಹಿತ್ತಲಲ್ಲಿದ್ದರೆ ಯಾರೂ ಏನೂ ಅನ್ನುವುದಿಲ್ಲ.

ಅಡುಗೆಮನೆ ಇದಕ್ಕಿಂತ ಕಷ್ಟ. ಕೈಲ್ ಮುಹೂರ್ತಕ್ಕೆ (ಆಯುಧಪೂಜೆಯ ಹಬ್ಬಕ್ಕೆ) ಹಂದಿ ಬೇಯುವ ಪಾತ್ರೆಯಲ್ಲಿ ಬೇರೇನು ಮಾಡಿದರೂ ನಿನಗೆ ಆಗದು. ಶಾಫಿಯವರಲ್ಲಿ ಹಂದಿ ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಪ್ರತಿ ಸಲ ಅದನ್ನು ತಾಯಿಯ ಎದುರಿಗೆ ಮಾಡಿದರೆ ಜಗಳ ಖಂಡಿತ. ಒಂದು ಪಾತ್ರೆ, ಒಂದು ಸೌಟು, ಎರಡು ತಟ್ಟೆ ತಾಮನೆಯಲ್ಲಿ ನಿನ್ನದೆಂದು ಬೇರೆ ಇಟ್ಟುಬಿಡು. ಕೋಳಿ ಹಲಾಲ್ ಅಂಗಡಿಯದನ್ನೇ ತಂದರೆ ಎಲ್ಲರೂ ಒಂದೇ ಸಾರು ಉಣ್ಣಬಹುದು. ಕಡಂಬುಟ್ಟು, ನೂಪುಟ್ಟು, ಬೈಂಬಳೆ ಯಾವುದಕ್ಕೂ ಅಡ್ಡಿಯಿಲ್ಲ. ಸಾರಿಗೆ ಹಾಕುವ ಹುಳಿ ಕಾಚಂಪುಳಿ ಹಣ್ಣಿನ ರಸ ಕಾಯಿಸಿ ಇಳಿಸಿದ್ದು, ಅದರ ಕಪ್ಪು ಬಣ್ಣ ನೋಡಿ ಅತ್ತೆ ಅನುಮಾನ ಪಟ್ಟರೆ ಹಾಗೆಂದು ಹೇಳು.

ಅಂದಹಾಗೆ, ಅಪ್ಪನಿಗೆ ಈ ವಿಷಯ ಬೇರೆಯವರ ಬಾಯಿಂದ ತಿಳಿಯಬಾರದು. ಕಚೇರಿಯ ಫಲಕದಲ್ಲಿ ಹೆಸರು ಬೀಳುವ ಮೊದಲು ನೀನೇ ಹೋಗಿ ಹೇಳು.

– ಹಿರಿಯ ಗೃಹಿಣಿ, ಗೋಣಿಕೊಪ್ಪ

ವಂಶವೃಕ್ಷದಲ್ಲಿ ಹೆಸರಿದೆಯೇ ನೋಡಿ

ಹಿಂದೂ ಅಲ್ಲದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ ದಿನವೇ ನೀವು ಕಾನೂನಿನ ಲೆಕ್ಕದಲ್ಲಿ ಕೂಡುಕುಟುಂಬದಿಂದ ಬೇರ್ಪಟ್ಟಿರಿ (19ನೇ ಕಲಮು). ಬೇರ್ಪಟ್ಟಿರಿ ಅಂದರೆ ಪಾಲು ಕಳೆದುಕೊಂಡಿರಿ ಅಂತಲ್ಲ. ತಂದೆಯ ಸ್ವಂತ ಆಸ್ತಿಗೆ ನೀವು ಮಗಳಾಗಿ ಮೊದಲ ವರ್ಗದ ವಾರಸುದಾರರೇ. ಮತಾಂತರವಾದರೂ ಅದು ಹೋಗುವುದಿಲ್ಲ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮು ಓದಿಕೊಳ್ಳಿ: ಮತಾಂತರದ ನಂತರ ಹುಟ್ಟಿದ ಮಕ್ಕಳು, ವಾರಸು ತೆರೆಯುವ ದಿನ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಈಗಿರುವ ಮಗಳು ಮೊದಲೇ ಹುಟ್ಟಿದವಳು. ಇನ್ನೊಂದು ಮಗುವಿನ ಯೋಚನೆಯಿದ್ದರೆ, ಅಜ್ಜ ಉಯಿಲಿನಲ್ಲಿ ಅಥವಾ ದಾನಪತ್ರದಲ್ಲಿ ಬರೆದರೆ ಈ ತೊಡಕಿಲ್ಲ.

ಹೆಣ್ಣುಮಕ್ಕಳ ಪಾಲು ಕೋರ್ಟಿಗಿಂತ ನಾಡಕಚೇರಿಯಲ್ಲೇ ಹೆಚ್ಚು ಕಳೆದುಹೋಗುತ್ತದೆ. ವಂಶವೃಕ್ಷ ಮಾಡಿಸುವಾಗ ‘ಅವಳು ಬೇರೆ ಧರ್ಮಕ್ಕೆ ಹೋದಳು’ ಎಂದು ಹೆಸರು ಬಿಡುತ್ತಾರೆ, ಅದರ ಮೇಲೆ ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ) ಆಗುತ್ತದೆ, ಆಮೇಲೆ ವರ್ಷಗಟ್ಟಲೆ ಅಲೆದಾಟ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗವಾದರೆ ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರಿನಡಿ ಹತ್ತಾರು ಜನ ಇರುವುದರಿಂದ ಇನ್ನೂ ಗೋಜಲು. ತಂದೆ ಇರುವಾಗಲೇ ಪಹಣಿ, ವಂಶವೃಕ್ಷದ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ‘ಬರೀ ಸಹಿ’ ಎಂದು ತರುವ ಕಾಗದ ಹಕ್ಕು ಬಿಡುಗಡೆ ಪತ್ರವೇ ಎಂದು ಓದಿ ನೋಡಿ. ಮನಸ್ತಾಪದ ದಿನಗಳಲ್ಲಿ ಅದಕ್ಕೆ ಸಹಿ ಹಾಕಬೇಡಿ.

– ನಿವೃತ್ತ ಕಂದಾಯ ನೌಕರ, ಪೊನ್ನಂಪೇಟೆ

ಯಾರೂ ಹೇಳದ ಎರಡು ವಿಷಯ

ಒಂದು, ಅಂತ್ಯಕ್ರಿಯೆ. ಮತಾಂತರವಾಗದಿದ್ದರೆ ಗಂಡನ ಮಹಲ್ಲಿನ (ಮಸೀದಿ ವ್ಯಾಪ್ತಿಯ) ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ. ಮತಾಂತರವಾದರೆ ಒಕ್ಕದ ಸ್ಮಶಾನದ ಬಗ್ಗೆ ಹಿರಿಯರು ತಕರಾರು ಎತ್ತಬಹುದು. ಯಾವುದಾಗಬೇಕೆಂದು ಬರೆದು, ಸಹಿ ಹಾಕಿ, ಗಂಡನ ಹತ್ತಿರವೂ ಒಬ್ಬ ತಮ್ಮನ ಹತ್ತಿರವೂ ಒಂದೊಂದು ಪ್ರತಿ ಕೊಡಿ. ಸಾವಿನ ಮನೆಯಲ್ಲಿ ಈ ಚರ್ಚೆ ನಡೆಸುವಷ್ಟು ಕ್ರೂರ ಇನ್ನೊಂದಿಲ್ಲ.

ಎರಡು, ದಾಖಲೆ. ಆಧಾರ್, ಪ್ಯಾನ್, ಪಾಸ್‌ಪೋರ್ಟ್‌ಗಳಲ್ಲಿ ಧರ್ಮದ ಕಾಲಮೇ ಇಲ್ಲ, ಹಾಗಾಗಿ ಧರ್ಮ ಬದಲಿಸಿದ ಮಾತ್ರಕ್ಕೆ ಅವುಗಳಲ್ಲಿ ತಿದ್ದುವುದೇನೂ ಇಲ್ಲ. ಹೆಸರು ಬದಲಿಸಿದರೆ ಮಾತ್ರ ಅಫಿಡವಿಟ್, ಪತ್ರಿಕಾ ಜಾಹೀರಾತು, ರಾಜ್ಯಪತ್ರದ ಪ್ರಕಟಣೆ, ಆಮೇಲೆ ಒಂದೊಂದೇ ಕಾರ್ಡು, ಬ್ಯಾಂಕು, ಪಹಣಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಳೆಯ ಹೆಸರಿನಲ್ಲೇ ಉಳಿಯುವುದರಿಂದ ಮುಂದೆ ಪ್ರತಿ ಕೆಲಸಕ್ಕೂ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಹಿಡಿದು ಹೋಗಬೇಕು. ಮುಅಲ್ಲಿಮರೇ ಹೆಸರು ಬದಲಿಸಬೇಕಿಲ್ಲ ಅನ್ನುವಾಗ ಈ ತಲೆನೋವು ಯಾಕೆ? ಮಗಳ ಶಾಲೆಯ ದಾಖಲಾತಿ ಅರ್ಜಿಯಲ್ಲಿ ಧರ್ಮ, ಜಾತಿ ಎರಡೂ ಕೇಳುತ್ತಾರೆ, ಅಲ್ಲಿ ಬರೆದದ್ದೇ ವರ್ಗಾವಣೆ ಪತ್ರಕ್ಕೂ ಮುಂದೆ ಜಾತಿ ಪ್ರಮಾಣಪತ್ರಕ್ಕೂ ಹೋಗುತ್ತದೆ. ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಕೊಡವರು 3ಎ, ಮುಸ್ಲಿಮರು 2ಬಿ ಪ್ರವರ್ಗ. ಆ ಎರಡು ಸಾಲನ್ನು ಅರ್ಜಿ ಕೊಡುವ ಕೌಂಟರಿನಲ್ಲಿ ನಿಂತು ಅವಸರದಲ್ಲಿ ತುಂಬಬೇಡಿ, ಗಂಡ ಹೆಂಡತಿ ಮನೆಯಲ್ಲಿ ಕೂತು ಬರೆದುಕೊಂಡು ಹೋಗಿ.

– ಶಾಲಾ ಶಿಕ್ಷಕಿ, ಸುಂಟಿಕೊಪ್ಪ