ಅವ್ವನ್ನ ಕರ್ಕೊಂಡು ಅಂಟಾರ್ಕ್ಟಿಕಾಕ್ಕ ಹೊಂಟೀನಿ, ಸಣ್ಣ ಹಡಗದಾಗ ದಿನಾ ಹೆಂಗ ಕಳೀತಾವ, ಗೊತ್ತಿದ್ದವರು ಹೇಳ್ರಿ

ಗುಮ್ಮಟದೂರಾಕಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ ರೀ. ಬರೋ ಡಿಸೆಂಬರದಾಗ ನಾನು ನಮ್ಮ ಅವ್ವ ಇಬ್ಬರೂ ಅಂಟಾರ್ಕ್ಟಿಕಾಕ್ಕ ಹೊಂಟೀವಿ, ಅರ್ಜೆಂಟೀನಾದ ಉಶುವಾಯಾದಿಂದ ಬಿಡೋ ಸಣ್ಣ ಎಕ್ಸ್‌ಪೆಡಿಶನ್ ಹಡಗು, ನೂರು ಚಿಲ್ಲರ ಮಂದಿ ಅಷ್ಟ ಇರ್ತಾರಂತ. ಅವ್ವಗ 66, ಸಾಲ್ಯಾಗ ಭೂಗೋಳ ಕಲಿಸ್ತಿದ್ಳು, ಈಗ ರಿಟೈರ್ ಆಗ್ಯಾಳ, ನಕಾಶದಾಗ ಹುಡುಗರಿಗೆ ಬಟ್ಟಿಟ್ಟು ತೋರಿಸಿದ ಜಾಗಾ ಒಮ್ಮೆ ಕಣ್ಣಾರೆ ನೋಡಬೇಕು ಅಂತ ಅಕಿ ಆಸೆ, ಅದಕ್ಕಂತ ನಾ ಕೆಲಸಕ್ಕ ಸೇರಿದಾಗಿಂದ ರೊಕ್ಕಾ ಕೂಡಿಸೀನಿ.

ಬುಕಿಂಗ್ ಆಗೇದ. ಆದ್ರ ಕಂಪನಿಯವರು ಕಳಿಸಿದ ಪುಸ್ತಕದಾಗ ಬರೇ ಪೆಂಗ್ವಿನ್ ಫೋಟೋ, ಹಡಗದಾಗ ಮನಷ್ಯಾರು ದಿನಾ ಹೆಂಗ ಇರ್ತಾರ ಅನ್ನೋದು ತಿಳೀವಲ್ತು. ನಾವು ಶುದ್ಧ ವೆಜ್, ತತ್ತಿನೂ ತಿನ್ನಂಗಿಲ್ಲ. ಅವ್ವಗ ಬಿಪಿ ಅದ, ಮೊಣಕಾಲು ಸ್ವಲ್ಪ ನೋಯ್ತಾವ ಆದ್ರ ಮನಿ ಮೆಟ್ಟಲಾ ಹತ್ತಿ ಇಳೀತಾಳ. ಬಸ್ಸಿನ್ಯಾಗ ಘಾಟ ಬಂದ್ರ ವಾಂತಿ ಆಗ್ತದ. ರೂಮು, ಊಟ, ಹಡಗಿನ ಓಲಾಟ, ಬೋಟಿನ್ಯಾಗ ಇಳಿಯೋದು, ಎಲ್ಲಾ ಬಿಡಿಸಿ ಹೇಳಿದ್ರ ಪುಣ್ಯಾ ಬರ್ತದ ನಿಮಗ.

ಖಾನಾಪುರದಂವ (ಬೆಳಗಾವಿ ಜಿಲ್ಲಾ)

ಅಕ್ಕಾರ ನಮಸ್ಕಾರ. ನಾ ಇಂಥಾ ಹಡಗಿನ ಊಟದ ಹಾಲ್‌ದಾಗ ಕೆಲಸಾ ಮಾಡೀನಿ, ನಮ್ಮ ಗೋವಾ ಗಡಿ ಕಡೆ ಹುಡುಗರು ಭಾಳ ಮಂದಿ ಹಡಗಿಗೆ ಹೋಗ್ತಾರ, ಅದಕ್ಕ ಒಳಗಿಂದು ಹೇಳ್ತೀನಿ ಕೇಳ್ರಿ. ಮೊದಲ ಇದನ್ನ ದೊಡ್ಡ ಕ್ರೂಸ್ ಇದ್ದಂಗ ಅಂತ ತಿಳ್ಕೋಬ್ಯಾಡ್ರಿ, ಇಲ್ಲಿ ಡ್ಯಾನ್ಸ್ ಶೋ ಇಲ್ಲ ಕ್ಯಾಸಿನೋ ಇಲ್ಲ, ಒಂದು ಊಟದ ಹಾಲ್, ಒಂದು ಕುಂದ್ರೋ ಲೌಂಜ್, ಸಣ್ಣ ಲೈಬ್ರರಿ, ಡೆಕ್ ಮುಗೀತು. ಭಾಳ ಹಡಗದಾಗ ಕ್ಯಾಪ್ಟನ್ ನಿಲ್ಲೋ ಬ್ರಿಡ್ಜ್‌ಗೂ ಪ್ಯಾಸೆಂಜರ್‌ನ ಬಿಡ್ತಾರ, ನಿಮ್ಮ ಅವ್ವಾರು ಭೂಗೋಳದವರಂದ್ರ ಅಲ್ಲೇ ನಕಾಶ ಮುಂದ ನಿಂತಬಿಡ್ತಾರ ನೋಡ್ರಿ. ಲೌಂಜ್‌ದಾಗ ಪಕ್ಷಿ ಬಗ್ಗೆ, ಬರ್ಫದ ಬಗ್ಗೆ, ತಿಮಿಂಗಿಲದ ಬಗ್ಗೆ ಪಾಠ ಇರ್ತಾವು, ಹೇಳೋರು ಆ ವಿಷಯ ಓದಿದವರ ಇರ್ತಾರ, ಏನು ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.

ಉಶುವಾಯಾ ಬಿಟ್ಟ ಮ್ಯಾಲೆ ಮೊದಲ ಬೀಗಲ್ ಚಾನಲ್, ಎರಡೂ ಕಡೆ ಗುಡ್ಡ, ನೀರು ಶಾಂತ ಇರ್ತೈತಿ, ಎಲ್ಲಾರೂ ಫೋಟೋ ಹೊಡ್ಕೊಂತ ಊಟಾ ಮಾಡಿ ಮಕ್ಕೋತಾರ. ಸಂಜಿಮುಂದ ಬಿಟ್ಟ ಹಡಗು ಅರ್ಧ ರಾತ್ರಿ ಸುಮಾರಿಗೆ ಬಯಲು ಸಮುದ್ರಕ್ಕ ಬರ್ತೈತಿ, ಅಲ್ಲಿಂದ ಡ್ರೇಕ್ ಪ್ಯಾಸೇಜ್, ಅಂದ್ರ ದಕ್ಷಿಣ ಅಮೆರಿಕಾಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಸಮುದ್ರ. ದಕ್ಷಿಣ ಅಮೆರಿಕಾದ ತುದಿ ಕೇಪ್ ಹಾರ್ನ್‌ದಿಂದ ಆ ಕಡೆ ಅಂಟಾರ್ಕ್ಟಿಕಾದ ದ್ವೀಪದ ತನಕ ಹತ್ರಹತ್ರ 800 ಕಿಲೋಮೀಟರ್, ಹೋಗೋದಕ್ಕ ಎರಡು ದಿನ ಬರೋದಕ್ಕ ಎರಡು ದಿನ ಹಿಡ್ಕೋರಿ. ನಶೀಬ ಚೊಲೋ ಇದ್ರ ಕೆರಿ ನೀರಿನಂಗ ಇರ್ತೈತಿ, ಇಲ್ಲಂದ್ರ ಭಾಳ ಓಲಾಡತೈತಿ. ಹವಾ ಕೆಡತೈತಿ ಅಂತ ಗೊತ್ತಾದ ಕೂಡಲೇ ನಾವು ಟೇಬಲ್ ಮ್ಯಾಲಿನ ಬಟ್ಟೀಗೆ ನೀರು ಚಿಮುಕಿಸಿ ಹಸಿ ಮಾಡ್ತಿದ್ವಿ, ಹಸಿ ಬಟ್ಟಿ ಮ್ಯಾಲೆ ತಾಟು ಜಾರಂಗಿಲ್ಲ. ಕುರ್ಚಿಗೆ ಕೆಳಗ ಸರಪಳಿ ಇರ್ತಾವು, ನೆಲಕ್ಕ ಸಿಗಿಸ್ತೀವಿ. ಓಣಿಯಂಗ ಇರೋ ದಾರ್ಯಾಗ ಕೈಪಿಡಿಗೆ ಸಾಲಾಗಿ ವಾಂತಿ ಪಾಕೀಟ ಸಿಗಿಸಿರ್ತಾರ, ನೋಡಿ ಹೆದರಬ್ಯಾಡ್ರಿ, ಅದು ಅಲ್ಲಿ ರೂಢಿ.

ಅವ್ವಾರಿಗೆ ಎರಡು ಮಾತು ಈಗಿಂದ ಹೇಳಿಡ್ರಿ. ನಡಿವಾಗ ಒಂದು ಕೈ ಯಾವಾಗಲೂ ಖಾಲಿ ಇರಬೇಕು, ಆ ಕೈ ಕಂಬೀ ಮ್ಯಾಲೆ. ಚಾದ ಕಪ್ಪು ಹಿಡ್ಕೊಂಡು ಮೆಟ್ಟಲಾ ಇಳಿಯೋದು ಬ್ಯಾಡ, ನಮ್ಮನ್ನ ಕರದ್ರ ನಾವ ತಂದು ಕೊಡ್ತೀವಿ. ಮತ್ತ ಬಾಗಲದ ಚೌಕಟ್ಟಿಗೆ ಬಟ್ಟು ಇಡಬಾರದು. ಹಡಗಿನ ಬಾಗಲಾ ಭಾಳ ವಜ್ಜಿ, ಓಲಾಡಿದಾಗ ತಾನ ಬಂದು ಬಡೀತೈತಿ, ಬಟ್ಟು ಜಜ್ಜಿಕೊಂಡವರನ್ನ ನಾ ಕಣ್ಣಾರೆ ನೋಡೀನಿ. ಬಾತ್‌ರೂಮಿಗೆ ಎತ್ತರ ಹೊಸ್ತಿಲಾ ಇರ್ತೈತಿ, ರಾತ್ರಿ ಏಳೋವಾಗ ಲೈಟ್ ಹಚ್ಚೇ ಹೋಗಬೇಕು.

ರೂಮು ಇನ್ನೂ ಬದ್ಲಿ ಮಾಡಾಕ ಬರ್ತಿದ್ರ ಕೆಳಗಿನ ಡೆಕ್‌ದಾಗ ಹಡಗಿನ ನಟ್ಟನಡಕ ಇರೋದು ತಗೋರಿ. ಮ್ಯಾಲೆ ಬಾಲ್ಕನಿ ರೂಮಿಗೆ ರೊಕ್ಕಾನೂ ಜಾಸ್ತಿ ಓಲಾಟಾನೂ ಜಾಸ್ತಿ. ಕೆಳಗ ಕಿಡಕಿ ಗುಂಡಗ ಸಣ್ಣದಿರ್ತೈತಿ, ತೆರಿ ಜೋರಾದ್ರ ಅದಕ್ಕ ಕಬ್ಬಿಣದ ಮುಚ್ಚಳಾ ಹಾಕ್ತಾರ, ಆದ್ರ ನಿದ್ದಿ ಅಲ್ಲೇ ಚೊಲೋ ಹತ್ತತೈತಿ.

ಊಟದ್ದು. ಮುಂಜಾನಿ ಮಧ್ಯಾಹ್ನ ಬಫೆ, ರಾತ್ರಿ ಮೆನು ನೋಡಿ ಹೇಳೋದು. ವೆಜ್ ಸಿಗತೈತಿ, ಆದ್ರ ಬುಕಿಂಗ್ ಫಾರ್ಮ್‌ದಾಗ ಬರೇ ವೆಜ್ ಅಂತ ಬರೀಬ್ಯಾಡ್ರಿ, ಮೀನು ಬ್ಯಾಡ, ತತ್ತಿ ಬ್ಯಾಡ, ಸೂಪಿಗೆ ಕೋಳಿ ನೀರು ಬ್ಯಾಡ, ಹಾಲು ಮೊಸರು ನಡೀತೈತಿ ಅಂತ ಬಿಡಿಸಿ ಬರೀರಿ. ಯಾಕಂದ್ರ ಸಾಮಾನೆಲ್ಲಾ ಉಶುವಾಯಾದಾಗ ಏರಿಸಿದ್ದ ಲೆಕ್ಕ, ನಡುವ ಸಂತಿ ಇಲ್ಲ, ಶೆಫ್‌ಗೆ ಮೊದಲ ಗೊತ್ತಿದ್ರ ಮಾತ್ರ ನಿಮಗಂತ ಬ್ಯಾಳಿ, ಕಾಯಿಪಲ್ಲೆ ತಗದಿಡ್ತಾನ. ಹಡಗು ಹತ್ತಿದ ದಿನಾನ ಹೋಗಿ ಮೇತ್ರಿಗೆ, ಅಂದ್ರ ಊಟದ ಹಾಲ್ ನೋಡ್ಕೊಳ್ಳೋ ಮುಖ್ಯಸ್ಥಗ, ಮುಖಾ ತೋರಿಸಿ ಇನ್ನೊಮ್ಮೆ ಹೇಳ್ರಿ. ಅನ್ನಕ್ಕ ಚಿಂತಿ ಇಲ್ಲ, ಕೆಲಸದವರಾಗ ಫಿಲಿಪೀನ್ಸ್ ಮಂದಿ ಭಾಳ ಇರ್ತಾರ, ಅವರಿಗೆ ದಿನಾ ಅನ್ನ ಬೇಕ ಬೇಕು. ಖಾರಾ ಮಾತ್ರ ಸಿಗಂಗಿಲ್ಲ.

ಮೆಡಿಕಲ್_ಅಂಗಡಿ_ನವನಗರ (ಬಾಗಲಕೋಟೆ)

ತಂಗಿ, ಔಷಧದ್ದು ನಾ ಹೇಳ್ತೀನಿ, ಆದ್ರ ಅವ್ವಾರ ಡಾಕ್ಟರ್ ಮುಂದ ಒಮ್ಮೆ ಇದನ್ನೆಲ್ಲಾ ಇಟ್ಟ ಮ್ಯಾಲೇ ಮುಂದಿನ ಮಾತು.

ವಾಂತಿ ಗುಳಿಗಿ ವಾಂತಿ ಸುರು ಆದ ಮ್ಯಾಲೆ ತಗೊಂಡ್ರ ಹೊಟ್ಟ್ಯಾಗ ನಿಲ್ಲಂಗಿಲ್ಲ. ಮ್ಯಾಲೆ ಅಣ್ಣಾರು ಹೇಳ್ಯಾರಲ್ಲ ಬೀಗಲ್ ಚಾನಲ್ ಶಾಂತ ಇರ್ತೈತಿ ಅಂತ, ಅಲ್ಲಿದ್ದಾಗನ, ರಾತ್ರಿ ಮಕ್ಕೊಳ್ಳೋ ಮೊದಲ ತಗೋಬೇಕು. ನಮ್ಮಲ್ಲಿ ಎಲ್ಲಾ ಕಡೆ ಸಿಗೋ ಅವೋಮಿನ್ ಅಂದ್ರ ಪ್ರೊಮೆಥಜೀನ್, ಕೆಲಸಾ ಮಾಡತೈತಿ, ಆದ್ರ ನಿದ್ದಿಗಣ್ಣು ಬರ್ತೈತಿ, ವಯಸ್ಸಾದವರಿಗೆ ತೋಲ ತಪ್ಪೋ ಸಂಭವ ಇರ್ತೈತಿ, ಓಲಾಡೋ ಹಡಗದಾಗ ಅದು ಸಣ್ಣ ಮಾತಲ್ಲ. ಕಣ್ಣಿನ ಗ್ಲಾಕೋಮಾ ಇದ್ದವರಿಗೆ ಡಾಕ್ಟರನ್ನ ಕೇಳದ ಕೊಡಬ್ಯಾಡ್ರಿ. ಕಿವಿ ಹಿಂದ ಹಚ್ಚೋ ಸ್ಕೋಪೋಲಮೀನ್ ಪಟ್ಟಿಗೂ ಇದ ಮಾತು. ಒಂದು ರಜಾ ದಿನ ಮನ್ಯಾಗ ಒಂದು ಗುಳಿಗಿ ಕೊಟ್ಟು ಹೆಂಗ ಆಗತೈತಿ ನೋಡ್ರಿ, ಹೊಸಾ ಗುಳಿಗಿ ಮೊದಲನೇ ಸಲ ಸಮುದ್ರದಾಗ ನುಂಗೋದು ಬ್ಯಾಡ. ಹೊಟ್ಟಿ ಪೂರಾ ಖಾಲಿ ಇಡಬಾರದು, ಒಣಾ ಬ್ರೆಡ್ಡು, ಶುಂಠಿ, ಸೇಬು ನಡೀತಾವು. ಬಿಪಿ ಗುಳಿಗ್ಯಾಗ ನೀರು ಹೋಗೋ ಔಷಧ ಕೂಡಿದ್ರ, ವಾಂತಿ ಜಾಸ್ತಿ ಆದಾಗ ಏನು ಮಾಡಬೇಕು ಅಂತ ಈಗಲೇ ಡಾಕ್ಟರನ್ನ ಕೇಳಿ ಬರಕೊಳ್ರಿ, ಓಆರ್‌ಎಸ್ ಪಾಕೀಟ ಇಟ್ಕೋರಿ. ಹಡಗದಾಗ ಡಾಕ್ಟರ್ ಇರ್ತಾರ, ಇಂಜೆಕ್ಷನ್ ಕೊಡ್ತಾರ, ಆದ್ರ ದಿನಾ ತಗೊಳ್ಳೋ ಗುಳಿಗಿ ಅಲ್ಲಿ ಸಿಗತೈತಿ ಅಂತ ನಂಬಬ್ಯಾಡ್ರಿ. ಒಂದು ವಾರದ್ದು ಹೆಚ್ಚಿಗಿ ಇರಲಿ, ಎಲ್ಲಾ ಕೈಬ್ಯಾಗಿನ್ಯಾಗ, ಜೋಡಿ ಡಾಕ್ಟರ್ ಚೀಟಿ.

ಇನ್ನೊಂದು ಯಾರೂ ಹೇಳದ ಉಳಿಯೋ ಮಾತು, ಹಳದಿ ಜ್ವರದ ಲಸಿಕೆ. ಅರ್ಜೆಂಟೀನಾ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟ್ಯಾಗ ಐತಿ, ಅಲ್ಲಿಂದ ತಿರುಗಿ ಭಾರತಕ್ಕ ಬಂದು ಇಳಿದಾಗ ಆ ಕಾರ್ಡ್ ಕೇಳ್ತಾರ, ಇಲ್ಲಂದ್ರ ಆರು ದಿನದ ತನಕ ಕ್ವಾರಂಟೀನ್ ಮಾಡಬಹುದು. ಚುಚ್ಚಿಸಿಕೊಂಡು 10 ದಿನ ಆದ ಮ್ಯಾಲೇ ಕಾರ್ಡ್ ಲೆಕ್ಕಕ್ಕ ಬರ್ತೈತಿ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಾಗ ಮಾತ್ರ ಹಾಕ್ತಾರ, ಪಾಸ್‌ಪೋರ್ಟ್ ಒಯ್ಯಬೇಕು. ಅವ್ವಾರಿಗೆ 60 ದಾಟೈತಿ ಅಂದ್ರ ಈ ಲಸಿಕೆಗೆ ಜಾಸ್ತಿ ವಿಚಾರ ಬೇಕು, ಇದು ಜೀವಂತ ಲಸಿಕೆ, ಹಾಕಬೇಕೋ ಬ್ಯಾಡೋ ಅಂತ ಡಾಕ್ಟರ್ ನಿಶ್ಚಯ ಮಾಡಬೇಕು. ಇದನ್ನ ನವೆಂಬರ ತನಕ ಇಟ್ಕೋಬ್ಯಾಡ, ಈ ತಿಂಗಳ ಹೋಗಿ ಕೇಳವಾ.

ಟಿಳಕವಾಡಿ_ಕಾಕಾ (ಬೆಳಗಾವಿ)

ನಾನು ನಮ್ಮ ಮನಿಯವರು ರಿಟೈರ್ ಆದ ಮ್ಯಾಲೆ ಹೋಗಿ ಬಂದೇವಿ. ಮೊಣಕಾಲಿನ ಬಗ್ಗೆ ಕೇಳಿದಿರಲ್ಲ, ಅದೇ ಮುಖ್ಯ. ವಯಸ್ಸಿಗಿಂತ ಒಂದೇ ಪ್ರಶ್ನಿ, ಓಲಾಡೋ ಕಬ್ಬಿಣದ ಏಣಿ ಇಳಿದು ರಬ್ಬರ್ ಬೋಟಿನ್ಯಾಗ ಕಾಲು ಇಡಲಿಕ್ಕೆ ಆಗತದೋ ಇಲ್ಲೋ. ಆ ಬೋಟಿಗೆ ಜೋಡಿಯಾಕ್ ಅಂತಾರ, ಒಂದರಾಗ ಹತ್ತು ಮಂದಿ, ಅಂಚಿನ ಗಾಳಿ ತುಂಬಿದ ಕೊಳವಿ ಮ್ಯಾಲೇ ಕೂಡಬೇಕು. ಹತ್ತುವಾಗ ಇಳಿಯುವಾಗ ಅಂಗೈ ಹಿಡಿಯೋದಿಲ್ಲ, ಅವರು ನಿಮ್ಮ ಮುಂಗೈ ಹಿಡೀತಾರ ನೀವು ಅವರ ಮುಂಗೈ ಹಿಡೀಬೇಕು, ಒದ್ದಿ ಕೈಗವಸು ಜಾರಿದ್ರೂ ಆ ಹಿಡತ ಬಿಡೂದಿಲ್ಲ. ಮೊದಲ ಕೊಳವಿ ಮ್ಯಾಲೆ ಒಂದು ಹೆಜ್ಜಿ, ಆಮ್ಯಾಲೆ ಒಳಗ, ಕೂಡ್ರೋದು, ಕೂತಲ್ಲೇ ಸರಕೋತ ಹೋಗೋದು, ಬೋಟಿನ್ಯಾಗ ಯಾರೂ ಹೇಳದ ಎದ್ದು ನಿಲ್ಲಂಗಿಲ್ಲ. ದಂಡಿಗೆ ಕಟ್ಟಿ ಇರೂದಿಲ್ಲ, ಮೊಣಕಾಲ ತನಕ ನೀರಿನ್ಯಾಗ ಇಳೀತೀರಿ, ಗಮ್‌ಬೂಟು ಹಡಗದವರೇ ಕೊಡ್ತಾರ, ವಾಟರ್‌ಪ್ರೂಫ್ ಪ್ಯಾಂಟು ಮಾತ್ರ ನೀವು ಒಯ್ಯಬೇಕು ಮತ್ತ ಅದು ಬೂಟಿನ ಒಳಗಲ್ಲ, ಬೂಟಿನ ಮ್ಯಾಲೆ ಇಳಿಬಿಡಬೇಕು, ಇಲ್ಲಂದ್ರ ಬೂಟಿನ ತುಂಬ ನೀರು. ದಿನಾ ಕುರ್ಚಿಯಿಂದ ಕೈ ಊರದ ಏಳೋದು ಕೂಡೋದು ಈಗಿಂದ ರೂಢಿ ಮಾಡಸ್ರಿ. ಒಂದಿನ ಕಾಲು ಬ್ಯಾಡ ಅಂದ್ರ ಅವರು ಹಡಗದ ಡೆಕ್ ಮ್ಯಾಲೆ ಕೂತೇ ನೋಡಬಹುದು, ಅಲ್ಲಿಂದನೂ ತಿಮಿಂಗಿಲ ಕಾಣತಾವ.

ಹವಾ ಚೊಲೋ ಇದ್ರ ದಿನಕ್ಕ ಎರಡು ಸಲ ಇಳಸ್ತಾರ. ಒಂದು ಜಾಗಾದಾಗ ಒಮ್ಮೆಗೆ 100 ಪ್ಯಾಸೆಂಜರ್‌ಗಿಂತ ಜಾಸ್ತಿ ಇಳಿಯೋ ಹಂಗಿಲ್ಲ, 500ಕ್ಕಿಂತ ಹೆಚ್ಚು ಮಂದಿ ಇರೋ ಹಡಗು ಅಂತೂ ಯಾರನ್ನೂ ಇಳಿಸೋ ಹಂಗೇ ಇಲ್ಲ. ಅದಕ್ಕೇ ಸಣ್ಣ ಹಡಗು ಚೊಲೋ ಅನ್ನೋದು, ಪಾಳಿ ಕಾಯೋದು ಕಡಿಮಿ. ರಾತ್ರಿ ಮರುದಿನದ ಕಾರ್ಯಕ್ರಮ ಹಚ್ಚತಾರ ಆದ್ರ ಗಾಳಿ ತಿರುಗಿದ್ರ ಮುಂಜಾನಿ ಎಲ್ಲಾ ಬದ್ಲಿ, ಯಾವ ದ್ವೀಪ ಸಿಗ್ತದ ಅಂತ ಮೊದಲೇ ಮನಸ್ಸಿನ್ಯಾಗ ಗಂಟು ಹಾಕ್ಕೋಬ್ಯಾಡ್ರಿ.

ಇಳಿಯೋ ಮೊದಲು ಒಂದಿನ ಎಲ್ಲಾರನ್ನೂ ಕೂಡಿಸಿ ಬಟ್ಟಿಬರಿ ತಪಾಸ ಮಾಡಸ್ತಾರ. ನನಗ ಭಾಳ ಹಿಡಿಸಿದ್ದು ಅದು. ಜಾಕೆಟ್, ಟೊಪಗಿ, ಕ್ಯಾಮೆರಾ ಬ್ಯಾಗು ಎಲ್ಲಾ ನೆಲದ ಮ್ಯಾಲೆ ಹರವಿ, ಕಿಸೆ ಉಲ್ಟಾ ಮಾಡಿ ವ್ಯಾಕ್ಯೂಮ್ ಹಚ್ಚಿ, ವೆಲ್ಕ್ರೋ ಪಟ್ಟಿ ಸಂದ್ಯಾಗ ಸಿಕ್ಕ ಹುಲ್ಲಿನ ಬೀಜ ಚಿಮಟಿಲೆ ಒಂದೊಂದೇ ತಗೀಬೇಕು. ಹೊಲದಾಗ ಅಡ್ಡಾಡಿ ಬಂದ್ರ ಉತ್ತರಾಣಿ ಸೀರಿ ಅಂಚಿಗೆ ಹತ್ತತಾವಲ್ಲ ಹಂಗೇ ಊರೂರಿನ ಬೀಜ ಬಂದು ಕೂತಿರ್ತಾವ. ಪರದೇಶದ ಒಂದು ಹುಲ್ಲು, ಪೋವಾ ಆನ್ಯುವಾ ಅಂತ, ಆಗಲೇ ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಾಗ ಬೇರು ಬಿಟ್ಟದ, ಇನ್ನೊಂದು ನಮ್ಮ ಕಾಲುಚೀಲದಿಂದ ಹೋಗಬಾರದು. ಬೂಟು ಹೋಗುವಾಗ ಬರುವಾಗ ಔಷಧದ ನೀರಿನ್ಯಾಗ ಅದ್ದಿ ತಿಕ್ಕಬೇಕು. ದಂಡಿ ಮ್ಯಾಲೆ ತಿನ್ನೋ ಹಂಗಿಲ್ಲ, ಒಂದಕ್ಕ ಎರಡಕ್ಕ ಹೋಗೋ ಹಂಗಿಲ್ಲ, ಹಕ್ಕಿ ಜ್ವರ ಬಂದ ಮ್ಯಾಲೆ ಬರ್ಫದ ಮ್ಯಾಲೆ ಕೂಡ್ರೋದು ಬ್ಯಾಗ್ ಇಡೋದೂ ಬಂದ್. ಪೆಂಗ್ವಿನ್‌ದಿಂದ 5 ಮೀಟರ್ ದೂರ, ಅದು ದಾರ್ಯಾಗ ಬಂತಂದ್ರ ನೀವೇ ನಿಂತು ಅದಕ್ಕ ದಾರಿ ಬಿಡಬೇಕು. ಅವ್ವಾರಿಗೆ ಇದನ್ನ ಮೊದಲ ಹೇಳ್ರಿ, ಬೋಟು ಹತ್ತೋ ಮೊದಲ ಬಾತ್‌ರೂಮಿಗೆ ಹೋಗಿಬರಬೇಕು.

ವಿಮಾನದ್ದೊಂದು. ಬ್ಯೂನಸ್ ಐರಿಸ್‌ದಾಗ ಪರದೇಶದ ವಿಮಾನ ಇಳಿಯೋದು ಎಜೈಜಾದಾಗ, ಉಶುವಾಯಾಕ್ಕ ಹೋಗೋವು ಹೆಚ್ಚಾಗಿ ಊರೊಳಗಿನ ಏರೋಪಾರ್ಕೆದಿಂದ, ನಡುವ ಇಡೀ ಊರು ದಾಟಬೇಕು. ಅವತ್ತೇ ಕನೆಕ್ಷನ್ ಇಟ್ಕೋಬ್ಯಾಡ್ರಿ. ಹಡಗು ಯಾರಿಗೂ ಕಾಯೂದಿಲ್ಲ, ಕಡಿಮಿ ಅಂದ್ರೂ ಒಂದಿನ ಮೊದಲೇ ಉಶುವಾಯಾ ಮುಟ್ರಿ.

ಗುಮ್ಮಟದೂರಾಕಿ (ವಿಜಯಪುರ)

ಕಾಕಾರ, ಅಣ್ಣಾರ, ಎಲ್ಲಾರಿಗೂ ಶರಣು ರೀ. ಅವ್ವನ್ನ ಬಾಜೂಕ ಕೂಡಿಸ್ಕೊಂಡು ಓದಿ ಹೇಳಿದೆ, ಕುರ್ಚಿಯಿಂದ ಏಳೋದು ಇವತ್ತಿಂದನೇ ಸುರು ಮಾಡ್ಯಾಳ. ಅಕೀದು ಮೂರು ಪ್ರಶ್ನಿ ಅದಾವ. ದಿನಾ ಪೂಜಾಕ್ಕ ಊದಬತ್ತಿ ಹಚ್ಚಬಹುದಾ? ಶೇಂಗಾ ಹಿಂಡಿ ಅಗಸಿ ಹಿಂಡಿ ಕಟಕ ರೊಟ್ಟಿ ಒಯ್ಯಬಹುದಾ? ಸೀರಿ ಉಟ್ಕೋಬಹುದಾ? ನಂದೊಂದು, ಫೋನ್ ಹತ್ತತದೇನು?

ಖಾನಾಪುರದಂವ (ಬೆಳಗಾವಿ ಜಿಲ್ಲಾ)

ಊದಬತ್ತಿ, ದೀಪ, ಕರ್ಪೂರ ಯಾವುದೂ ಬ್ಯಾಡ. ಹಡಗದಾಗ ಎಲ್ಲಾಕಿಂತ ದೊಡ್ಡ ಅಂಜಿಕಿ ಬೆಂಕೀದು, ರೂಮಿನ್ಯಾಗ ಹೊಗಿ ಹಿಡಿಯೋ ಅಲಾರಂ ಇರ್ತೈತಿ, ಬಡೀತು ಅಂದ್ರ ಸಿಬ್ಬಂದಿ ಓಡಿ ಬರ್ತಾರ. ಇಸ್ತ್ರಿ, ನೀರು ಕಾಸೋ ಕಾಯಿಲ್ ಸುದ್ದಾ ಬಂದ್, ಬಿಸಿನೀರು ಚಾ ಲೌಂಜ್‌ದಾಗ ಯಾವಾಗಲೂ ಇರ್ತೈತಿ. ಅವ್ವಾರು ಸಣ್ಣ ಫೋಟೋ ಇಟ್ಟು ಕೈ ಮುಗೀಲಿ. ಹತ್ತಿದ ಕೂಡಲೇ ಲೈಫ್‌ಜಾಕೆಟ್ ಡ್ರಿಲ್ ಇರ್ತೈತಿ, ಏಳು ಸಣ್ಣ ಸೀಟಿ ಒಂದು ಉದ್ದ ಸೀಟಿ ಕೇಳಿದ್ರ ಎಲ್ಲಿ ಕೂಡಬೇಕು ಅಂತ ಹೇಳ್ತಾರ, ಅದಕ್ಕ ಎಲ್ಲಾರೂ ಬರಾಕಬೇಕು, ಸುಸ್ತಾಗೈತಿ ಅಂದ್ರೂ ಬಿಡಂಗಿಲ್ಲ.

ಹಿಂಡಿ ವಿಚಾರ ಮಾಡಿ ಒಯ್ರಿ. ಅರ್ಜೆಂಟೀನಾ ಕಸ್ಟಮ್ಸ್‌ದಾಗ ತಿನ್ನೋ ಸಾಮಾನು ಬರೆದು ತೋರಿಸಬೇಕು, ಬ್ಯಾಡಂದ್ರ ಬಿಟ್ಟು ಬರಬೇಕು. ಒಳಗ ಬಿಟ್ರ ಪುಡಿ ಮಾಡಿದ ಹಿಂಡಿ ಸೀಲ್ ಹಾಕಿಸಿ ಊಟದ ಟೇಬಲ್‌ಗೆ ತರ್ರಿ, ಜಾಕೆಟ್ ಕಿಸೇದಾಗ ಮಾತ್ರ ಹಾಕ್ಕೋಬ್ಯಾಡ್ರಿ. ಕಾಕಾರು ಹೇಳಿದ ತಪಾಸದಾಗ ಇಡೀ ಅಗಸಿ ಕಾಳು ಒಂದು ಸಿಕ್ರೂ ಎಲ್ಲಾ ಮತ್ತ ಮೊದಲಿಂದ ಝಾಡಸ್ತಾರ. ಸೀರಿ ಹಡಗದ ಒಳಗ ಉಟ್ಕೊಳ್ಳಿ, ಒಳಗ ಬೆಚ್ಚಗ ಇರ್ತೈತಿ, ಆದ್ರ ಮೆಟ್ಟಲದಾಗ ನಿರಿಗಿ ಕಾಲಿಗೆ ಸಿಗಬಾರದು, ಡ್ರೇಕ್ ದಿನ ಚೂಡಿದಾರನೇ ಚೊಲೋ. ಬೋಟಿಗೆ ಪ್ಯಾಂಟೇ ಬೇಕು.

ಫೋನಿಗೆ ಸಿಮ್ ನೆಟ್‌ವರ್ಕ್ ಉಶುವಾಯಾ ಬಿಟ್ಟ ಮ್ಯಾಲೆ ಹೋತು. ಸ್ಯಾಟಲೈಟ್ ವೈಫೈ ಇರ್ತೈತಿ, ಒಂದೊಂದು ಹಡಗದಾಗ ಒಂದೊಂದು ರೇಟು. ಊರಿನವರಿಗೆ ಫೋನ್ ಬರಲಿಲ್ಲಂದ್ರ ಅಂಜಬ್ಯಾಡ್ರಿ ಅಂತ ಮೊದಲ ಹೇಳಿ ಹೊಂಡ್ರಿ. ಯುರೋಪಿನ ಎರಡು ಗುಂಡು ಪಿನ್ನಿನ ಅಡಾಪ್ಟರ್ ಹೆಚ್ಚಿನ ಹಡಗಿಗೆ ನಡೀತೈತಿ. ಮತ್ತ ಇನ್ಶೂರೆನ್ಸ್‌ದಾಗ ಹಡಗದಿಂದ ಎತ್ತಿಕೊಂಡು ಹೋಗೋ ಖರ್ಚು ಕೂಡೈತೋ ಇಲ್ಲೋ ನೋಡ್ರಿ, ಕಿಂಗ್ ಜಾರ್ಜ್ ದ್ವೀಪದಿಂದ ಚಿಲಿಯ ಪುಂಟಾ ಅರೇನಾಸ್‌ಗೆ ವಿಮಾನ ಅಂದ್ರ ಲಕ್ಷಗಟ್ಟಲೆ ರೊಕ್ಕಾ, ಅದೂ ಹವಾ ಬಿಟ್ಟಾಗ ಮಾತ್ರ.

ಘಟಪ್ರಭಾ_ದಂಡಿ (ಮುಧೋಳ)

ನಾವು ಉತ್ತರದ ಸ್ವಾಲ್‌ಬಾರ್ಡ್‌ಗೆ ಇಂಥಾದ ಹಡಗು ನೋಡಾಕತ್ತೀವಿ, ಅಲ್ಲೂ ಹಿಂಗನಾ?

ಟಿಳಕವಾಡಿ_ಕಾಕಾ (ಬೆಳಗಾವಿ)

ಹಡಗದ ಒಳಗಿಂದು ಹೆಚ್ಚುಕಡಿಮಿ ಇದೇ. ಆದ್ರ ಸ್ವಾಲ್‌ಬಾರ್ಡ್ ನಾರ್ವೇದ್ದು ಆದ್ರೂ ಶೆಂಗೆನ್, ಅಂದ್ರ ಒಂದೇ ವೀಸಾದಾಗ ತಿರುಗೋ ಯುರೋಪಿನ ದೇಶಗಳ ಗುಂಪಿನ, ಹೊರಗ ಅದ, ಓಸ್ಲೋದಿಂದ ಹೋಗಿ ತಿರುಗಿ ಓಸ್ಲೋಕ್ಕ ಬರೋವಾಗ ಎರಡನೇ ಸಲ ಒಳಗ ಹೋದಂಗ, ಅದಕ್ಕ ವೀಸಾ ಅರ್ಜಿಯೊಳಗ ಡಬಲ್ ಎಂಟ್ರಿ ಕೇಳ್ರಿ. ದಂಡಿಗೆ ಇಳಿದಾಗ ಬಿಳೀ ಕರಡಿ ಸಲುವಾಗಿ ಗೈಡ್ ಕಡೆ ಬಂದೂಕ ಇರ್ತದ, ಅವರನ್ನ ಬಿಟ್ಟು ಹತ್ತು ಹೆಜ್ಜಿನೂ ಆಕಡೆ ಹೋಗಂಗಿಲ್ಲ. 2025ರಿಂದ ಸಂರಕ್ಷಿತ ಜಾಗಾಕ್ಕ 200ಕ್ಕಿಂತ ಹೆಚ್ಚು ಪ್ಯಾಸೆಂಜರ್ ಇರೋ ಹಡಗು ಹೋಗೋ ಹಂಗಿಲ್ಲ, ಕರಡಿಯಿಂದ 300 ಮೀಟರ್ ದೂರ ಇರಬೇಕು, ಮಾರ್ಚ್‌ದಿಂದ ಜೂನ್ ಕೊನಿ ತನಕ 500 ಮೀಟರ್. ಹಂಗಾಗಿ ಚೊಲೋ ದುರ್ಬೀನು ಒಂದು ತಗೋರಿ, ಇಬ್ಬರು ಇದ್ರ ಎರಡು ತಗೋರಿ.