ಸೂಪರ್ ಕಬ್ ವಿಮಾನಕ್ಕೆ 31 ಇಂಚಿನ ಟೈರು ಹಾಕಿಸಲಾ? ಬ್ರೇಕೂ ಬದಲಿಸಬೇಕಾ?

ಪ್ರಶ್ನೆ: ಸರ್, ನಮಸ್ತೆ. ನನ್ನದು 150 ಅಶ್ವಶಕ್ತಿಯ ಪೈಪರ್ ಸೂಪರ್ ಕಬ್. ಈಗಿರುವುದು ಹಳೆಯ 8.00-4 ಟೈರು (ಕೊನೆಯ ಅಂಕಿ ರಿಮ್ಮಿನ ಇಂಚು). ಹುಲ್ಲಿನ ರನ್‌ವೇ ಜೊತೆಗೆ ಹೊಳೆ ಪಕ್ಕದ ಜಲ್ಲಿ ದಿಬ್ಬಗಳ ಮೇಲೂ ಇಳಿಯುವ ಆಸೆ ಇದೆ. ನೋಡಿದವರೆಲ್ಲ 31 ಇಂಚಿನ ಬುಶ್‌ವೀಲ್ (ಒರಟು ನೆಲಕ್ಕಾಗಿ ಮಾಡಿದ ದೊಡ್ಡ, ಮೆತ್ತನೆ ಟೈರು) ಹಾಕಿಸು ಅನ್ನುತ್ತಾರೆ. ನೇರವಾಗಿ ಅದಕ್ಕೇ ಹೋಗಲಾ? ಬ್ರೇಕ್ ಇದೇ ಸಾಕಾ?

ಉತ್ತರ: ನಮಸ್ತೆ. ಸೈಜು ಆಮೇಲೆ. ನೀವು ಇಳಿಯುವ ಜಾಗದಲ್ಲಿ ಕಲ್ಲು ಎಷ್ಟು ದಪ್ಪ ಇದೆ, ಅದನ್ನು ಮೊದಲು ನಡೆದು ನೋಡಿ. ಹುಲ್ಲು, ಸಣ್ಣ ಜಲ್ಲಿ ಅಷ್ಟೇ ಆದರೆ 8.50-6 ಧಾರಾಳವಾಗಿ ಸಾಕು. ಅದರ ಎತ್ತರ ಸುಮಾರು 22 ಇಂಚು. ಮುಷ್ಟಿಗಿಂತ ದೊಡ್ಡ ಉರುಟು ಕಲ್ಲು, ಮೆತ್ತನೆ ಮರಳು ಇದ್ದರೆ 29 ಅಥವಾ 31ರ ಯೋಚನೆ ಮಾಡಿ. 8.50-6 ಆಗಲಿ, 29-31 ಆಗಲಿ, ಯಾವುದಕ್ಕೆ ಹೋದರೂ 4 ಇಂಚಿನ ರಿಮ್ ತೆಗೆದು 6 ಇಂಚಿನದ್ದು ಹಾಕಬೇಕು. ಅಂದರೆ ವೀಲೂ ಹೊಸದು.

ದೊಡ್ಡ ಟೈರಿನ ಅಸಲಿ ಗುಣ ಎತ್ತರದಲ್ಲಿಲ್ಲ, ಕಡಿಮೆ ಗಾಳಿಯಲ್ಲಿದೆ. ಒಂದು ಚಕ್ರದ ಮೇಲೆ 800 ಪೌಂಡ್ ಭಾರ ಇದೆ ಅಂದುಕೊಳ್ಳಿ. 25 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 32 ಚದರ ಇಂಚು. 8 ಪಿಎಸ್‌ಐಗೆ ಇಳಿಸಿದರೆ ಅದೇ 100 ಚದರ ಇಂಚು. ಮರಳಲ್ಲಿ ಹೂತುಹೋಗದೆ ಇರುವುದು ಅದರಿಂದ. 31 ಹಾಕಿಸಿ ಗಾಳಿ ಗಟ್ಟಿಯಾಗಿ ತುಂಬಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಸುಮ್ನೆ ಭಾರ ಹೊರುವುದು, ಅಷ್ಟೇ!

ಆದರೆ ಟ್ಯೂಬ್ ಇರುವ ಟೈರಿಗೆ ಗಾಳಿ ತೀರಾ ಇಳಿಸಬೇಡಿ. ಬ್ರೇಕ್ ಹಿಡಿದಾಗ ರಿಮ್ ನಿಲ್ಲುತ್ತದೆ, ಟೈರು ಮಾತ್ರ ಜಾರಿ ಸ್ವಲ್ಪ ತಿರುಗುತ್ತದೆ. ಒಳಗಿನ ಟ್ಯೂಬೂ ಅದರ ಜೊತೆ ಹೋಗುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಲ್ಲೇ ಸಿಕ್ಕಿಕೊಂಡು ಬುಡದಲ್ಲಿ ಹರಿಯುತ್ತದೆ. ಟೈರಿನ ಅಂಚಿಂದ ರಿಮ್ಮಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಪ್ರತಿ ಸಲ ಹಾರುವ ಮುಂಚೆ ನೋಡಿ. ಗೆರೆ ಮುರಿದು ಎರಡು ತುಂಡು ಬೇರೆ ಬೇರೆ ಕಡೆ ಕಂಡರೆ ಟೈರು ಜಾರಿದೆ ಅಂತಲೇ ಅರ್ಥ. ಬುಶ್‌ವೀಲ್‌ನಲ್ಲಿ ವಾಲ್ವ್ ಟೈರಿನ ಪಕ್ಕದ ಗೋಡೆಯಲ್ಲೇ ಇರುವುದರಿಂದ ಈ ಕಾಟ ಇಲ್ಲ.

ಈಗ ಬ್ರೇಕ್. ಜಾಸ್ತಿ ಜನ ಎಡವುವುದು ಇಲ್ಲೇ. ಡಿಸ್ಕ್ ಅದೇ, ಅದನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್ ಅದೇ, ಟೈರು ಮಾತ್ರ ದೊಡ್ಡದಾಯಿತು. ಆಗ ನೆಲದ ಮೇಲೆ ಸಿಗುವ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. 22 ಇಂಚಿಂದ 31ಕ್ಕೆ ಹೋದರೆ ಲೆಕ್ಕದ ಪ್ರಕಾರ ಸುಮಾರು ಶೇ. 30ರಷ್ಟು ಹೋಯಿತು. ಹಾಗಾಗಿ 31ರ ಜೊತೆ ಎರಡು ಪಿಸ್ಟನ್‌ನ ಕ್ಯಾಲಿಪರ್ ಹಾಕಿಸುವುದು ವಾಡಿಕೆ. ಕ್ಲೀವ್‌ಲ್ಯಾಂಡ್, ಗ್ರೋವ್, ಬೆರಿಂಜರ್ ಯಾವ ಕಂಪನಿಯದ್ದಾದರೂ ಆಗಬಹುದು. ಆದರೆ ಪಿಸ್ಟನ್ ಎರಡಾದರೆ ಬ್ರೇಕ್ ಆಯಿಲೂ ಎರಡರಷ್ಟು ಬೇಕು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟು ತಳ್ಳದೆ ಹೋದರೆ ಪೆಡಲ್ ತಳ ಮುಟ್ಟುತ್ತದೆ, ವಿಮಾನ ನಿಲ್ಲುವುದಿಲ್ಲ. ಕ್ಯಾಲಿಪರ್ ಜೊತೆ ಮಾಸ್ಟರ್ ಸಿಲಿಂಡರನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಹಾಗಂತ ಸಿಕ್ಕಾಪಟ್ಟೆ ಬಲವಾದ ಬ್ರೇಕೂ ಬೇಡ. ಟೇಲ್ ವೀಲ್ ವಿಮಾನ ಇದು, ಮೂರನೇ ಚಕ್ರ ಬಾಲದಲ್ಲಿದೆ. ಟೈರು ದೊಡ್ಡದಾದಷ್ಟೂ ವಿಮಾನದ ಭಾರದ ಕೇಂದ್ರ ನೆಲದಿಂದ ಮೇಲೆ ಹೋಗುತ್ತದೆ. ಜೋರಾಗಿ ಒತ್ತಿದರೆ ಬಾಲ ಎದ್ದು ಮೂಗು ನೆಲಕ್ಕೆ. ನನ್ನ ಅಳತೆ ಇಷ್ಟೇ: ಎಂಜಿನ್ ರನ್-ಅಪ್ (ಹಾರುವ ಮುಂಚೆ ಎಂಜಿನ್ ಜೋರು ಮಾಡಿ ನೋಡುವುದು) ಮಾಡುವಾಗ ವಿಮಾನ ಕದಲಬಾರದು, ಅಡ್ಡಗಾಳಿಯಲ್ಲಿ ಒಂದೇ ಕಡೆಯ ಬ್ರೇಕಲ್ಲಿ ತಿರುಗಿಸಲು ಆಗಬೇಕು. ಅದಕ್ಕಿಂತ ಹೆಚ್ಚು ಯಾಕೆ?

ಪ್ರಶ್ನೆ: ಸರ್, ನಾನು ಟಾರ್ ರನ್‌ವೇಯಿಂದಲೇ ಹೊರಡಬೇಕು. ಬುಶ್‌ವೀಲ್ ಬೇಗ ಸವೆಯುತ್ತೆ ಅಂತಾರಲ್ವಾ?

ಉತ್ತರ: ನಿಜ. ಆ ರಬ್ಬರ್ ತುಂಬಾ ಮೆತ್ತಗೆ, ಟಾರ್ ಮೇಲೆ ಬೇಗ ಉಜ್ಜಿಹೋಗುತ್ತದೆ. ಪಕ್ಕದಲ್ಲಿ ಹುಲ್ಲಿದ್ದು ಅನುಮತಿ ಕೊಟ್ಟರೆ ಅಲ್ಲೇ ಇಳಿಯಿರಿ. ವಾರವಿಡೀ ಟಾರು, ವರ್ಷಕ್ಕೊಮ್ಮೆ ಜಲ್ಲಿ ಅನ್ನುವವರಿಗೆ 8.50 ಸಾಕು ಅನ್ನುವುದು ನನ್ನ ಅಭಿಪ್ರಾಯ. ಆಕಾಶದಲ್ಲೂ ದೊಡ್ಡ ಟೈರು ವೇಗ ತಿನ್ನುತ್ತದೆ, ಹೊರಬಹುದಾದ ಸಾಮಾನೂ ಅಷ್ಟು ಕಡಿಮೆ. ಇನ್ನೊಂದು ಮಾತು, ಟೈರನ್ನು ಶಾಕ್ ಅಬ್ಸಾರ್ಬರ್ ಅಂದುಕೊಳ್ಳಬೇಡಿ. ಜೋರಾಗಿ ಇಳಿದರೆ ಚೆಂಡಿನ ಹಾಗೆ ಪುಟಿಸುತ್ತದೆ.

ಪ್ರಶ್ನೆ: ನಡುವೆ ಬಂದೆ, ಕ್ಷಮಿಸಿ. ಬಾಲದ ಚಕ್ರವನ್ನೂ ಬದಲಿಸಬೇಕಾ?

ಉತ್ತರ: ಮರಳಲ್ಲಿ ಇಳಿಯುವುದಾದರೆ ಹೌದು. ಮುಂದಿನವು ತೇಲುತ್ತವೆ, ಸಣ್ಣ ಬಾಲದ ಚಕ್ರ ನೇಗಿಲಿನಂತೆ ಉಳುತ್ತದೆ.

ಪ್ರಶ್ನೆ: ಎಲ್ಲ ನಾನೇ ಜೋಡಿಸಿಕೊಳ್ಳಬಹುದಾ ಸರ್? ಬ್ರೇಕ್ ಆಯಿಲ್ ಕಾರಿನದ್ದೇ ನಡೆಯುತ್ತಾ?

ಉತ್ತರ: ಕಾರಿನ ಆಯಿಲ್ ಖಂಡಿತ ಬೇಡ. ನಿಮ್ಮದರಲ್ಲಿ ಓಡುವುದು ಕೆಂಪು ಬಣ್ಣದ ಮಿಲ್-ಎಚ್-5606, ಖನಿಜ ತೈಲ. ಕಾರಿನ ಡಾಟ್ ಆಯಿಲ್ ಹಾಕಿದರೆ ಒಳಗಿನ ಓ-ರಿಂಗ್‌ಗಳು (ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಉಬ್ಬಿ ಹಾಳಾಗುತ್ತವೆ. ಸೂಪರ್ ಕಬ್ ಸರ್ಟಿಫೈಡ್ ವಿಮಾನ, ಅಂದರೆ ಸರ್ಕಾರ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟಿರುವುದು. ಹಾಗಾಗಿ ಟೈರು, ವೀಲು, ಬ್ರೇಕ್ ಮೂರಕ್ಕೂ ಎಸ್‌ಟಿಸಿ (ಮಾರ್ಪಾಡಿಗೆ ಕೊಡುವ ಒಪ್ಪಿಗೆ ಪತ್ರ) ಅಥವಾ ಬೇರೆ ಅನುಮೋದನೆ ಇರಲೇಬೇಕು. ಮೂರೂ ಒಂದಕ್ಕೊಂದು ಹೊಂದುತ್ತವಾ ಅಂತ ಆ ಕಾಗದದಲ್ಲೇ ನೋಡಿ, ಲೈಸೆನ್ಸ್ ಇರುವ ಮೆಕ್ಯಾನಿಕ್ ಹತ್ತಿರ ಸಹಿ ಹಾಕಿಸಿ. ತೂಕದ ಲೆಕ್ಕವನ್ನೂ ಹೊಸದಾಗಿ ಮಾಡಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ ತಯಾರಕರು ಹೇಳಿದಂತೆ ಬಿಸಿ ಮಾಡಿ ಪಳಗಿಸದೆ ಜಲ್ಲಿ ದಿಬ್ಬಕ್ಕೆ ಹೋಗಬೇಡಿ. ಕ್ಲೀವ್‌ಲ್ಯಾಂಡ್ ಆದರೆ ಲೈನಿಂಗ್ (ಪ್ಯಾಡಿನ ಉಜ್ಜುವ ಪದರ) ಸವೆದು 0.100 ಇಂಚು ದಪ್ಪಕ್ಕೆ ಬಂದಾಗ ಬದಲಿಸಿ.

ಕಲ್ಲು ನೋಡಿ ಬಂದ ಮೇಲೆ ಫೋಟೋ ಹಾಕಿ. ಅಳತೆಗೆ ಪಕ್ಕದಲ್ಲಿ ನಿಮ್ಮ ಬೂಟು ಇರಲಿ.