ಬಂಡೆ ಹಿಂದಿನ ನೀರಿಗೆ ತಿರುಗಿಸಿದರೆ ಕಯಾಕ್ ಮಗುಚುತ್ತದೆ, ಏನು ಮಾಡಲಿ? (ಸೀತಾನದಿ)

ಪ್ರಶ್ನೆ, ಉಡುಪಿಯಿಂದ:
ಎರಡು ವರ್ಷದಿಂದ ಕೋಡಿ ಬೆಂಗ್ರೆ ಹಿನ್ನೀರಿನಲ್ಲಿ ಕಯಾಕ್ ನಡೆಸುತ್ತಿದ್ದೇನೆ. ಅಲ್ಲಿ ಒಮ್ಮೆಯೂ ಬಿದ್ದಿಲ್ಲ. ಈ ಮಳೆಗಾಲ ಗೆಳೆಯರ ಜೊತೆ ಹೆಬ್ರಿ ಹತ್ತಿರ ಸೀತಾನದಿಗೆ ಇಳಿದೆ. ಸೆಳೆತದ ನಡುವೆ ದೊಡ್ಡ ಬಂಡೆ, ಅದರ ಹಿಂದೆ ನೀರು ನಿಂತ ಹಾಗೆ ಕಾಣುತ್ತದೆ. ಅಲ್ಲಿ ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ಬಲಕ್ಕೆ ತಿರುಗಿಸಿದರೆ ದೋಣಿ ಎಡಕ್ಕೆ ಮಗುಚುತ್ತದೆ. ಮೂರು ಸಲವೂ ಹಾಗೇ. ಹುಟ್ಟು ಹಾಕುವುದರಲ್ಲಿ ತಪ್ಪಾ?

ಉತ್ತರ, ಮಂಗಳೂರಿನಿಂದ:
ಪ್ರತಿ ಸಲ ಎಡಕ್ಕೇ ಅಂದಿರಲ್ಲ, ಉತ್ತರ ಅದರಲ್ಲೇ ಉಂಟು. ಬಂಡೆ ಹಿಂದಿನ ನೀರು ನಿಂತಿಲ್ಲ. ಅದು ತಿರುಗಿ ಬಂಡೆಯ ಕಡೆಗೇ ಹರಿಯುತ್ತಿರುತ್ತದೆ. ನೀವು ಬಲಕ್ಕೆ ತಿರುಗಿ ಒಳಗೆ ಹೋದ ಕೂಡಲೇ ಆ ನೀರು ದೋಣಿಯ ಎಡ ಅಂಚಿಗೆ ಬಡಿಯುತ್ತದೆ. ಅಂಚು ತಗ್ಗಿದ್ದರೆ ಮುಗಿಯಿತು, ನೀರು ಅದನ್ನು ಹಿಡಿದು ಅಡಿಗೆ ಎಳೆಯುತ್ತದೆ. ಬೈಕಿನಲ್ಲಿ ತಿರುವಿನ ಒಳಬದಿಗೆ ವಾಲುತ್ತೇವೆ ಅಲ್ವಾ, ಇಲ್ಲೂ ಹಾಗೇ. ದೋಣಿಯನ್ನು ಬಲಕ್ಕೆ ವಾಲಿಸಿ, ಎಡ ಅಂಚು ಎತ್ತಿ. ತಲೆಯನ್ನು ಹೊರಗೆ ಚಾಚಬೇಡಿ. ಅದು ನಡುವೆಯೇ ಇರಲಿ, ಸೊಂಟದಿಂದ ದೋಣಿಯನ್ನು ಓರೆ ಮಾಡಿ, ಎಡ ಮೊಣಕಾಲು ಮೇಲೆತ್ತಿ. ವೇಗ ಬಿಡದೆ, ಹರಿವಿಗೆ ಸುಮಾರು 45 ಡಿಗ್ರಿ ಕೋನದಲ್ಲಿ, ಬಂಡೆಗೆ ಆದಷ್ಟು ಹತ್ತಿರ ನುಗ್ಗಿ. ಬಂಡೆಯಿಂದ ಹೊಳೆಯ ಕೆಳಗೆ ಹೋದಷ್ಟು ಆ ತಿರುಗಿ ಬರುವ ನೀರಿಗೆ ಬಲ ಕಮ್ಮಿ, ದೋಣಿ ತಿರುಗುವುದೇ ಇಲ್ಲ. ನಿಮ್ಮದು ಯಾವ ಕಯಾಕ್?

ಪ್ರಶ್ನೆ ಕೇಳಿದವರು:
ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಮೊಣಕಾಲಿಗೆ ಆಧಾರ ಇಲ್ಲ. ಬಿದ್ದಾಗ ತೊಡೆವರೆಗೆ ನೀರಿತ್ತು, ಎದ್ದು ನಿಂತು ದೋಣಿ ಹಿಡಿದೆ.

ಉತ್ತರ:
ಆಧಾರ ಇಲ್ಲದೆ ಅಂಚು ಎತ್ತುವುದು ಕಷ್ಟ. ದೋಣಿಗೆ ತೊಡೆ ಹಿಡಿಯುವ ಪಟ್ಟಿ ಹಾಕಿಸಿ. ಮಗುಚಿದಾಗ ಅದನ್ನು ಬಿಡಿಸಿಕೊಂಡು ಹೊರಬರುವುದನ್ನು ಮೊದಲು ಹಿನ್ನೀರಿನಲ್ಲೇ ಕಲಿಯಿರಿ.

ಆದರೆ ಮಾರಾಯ್ರೇ, ಸೆಳೆತದಲ್ಲಿ ಇನ್ನು ಯಾವತ್ತೂ ಎದ್ದು ನಿಲ್ಲಬೇಡಿ! ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ನಿಮ್ಮನ್ನು ಮುಂದಕ್ಕೆ ಬೀಳಿಸಿ ಅದುಮಿ ಹಿಡಿಯುತ್ತದೆ. ತೊಡೆಮಟ್ಟದ ನೀರು ಸಾಕು. ಅಂಗಾತ ತೇಲಿ, ಪಾದ ಮುಂದೆ, ನೀರಿನ ಮೇಲೆ. ನಿಂತ ನೀರು ಸಿಕ್ಕ ಮೇಲೆ ಏಳಿ.

ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಹಾಕಿ ನೀರು ತಡೆಯುವ ಒಡ್ಡು) ಕಂಡರೆ ದಡಕ್ಕೆ ಬಂದು ದೋಣಿ ಹೊತ್ತುಕೊಂಡು ದಾಟಿ. ಮಳೆಗಾಲದಲ್ಲಿ ಹಲಗೆ ತೆಗೆದಿದ್ದರೂ ಕಿಂಡಿಯಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡಿರಬಹುದು. ನೀರು ನುಸುಳಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಬೀಳುತ್ತಾನೆ. ಹೆಬ್ರಿಯಲ್ಲಿ ಬಿಸಿಲು ಅಂತಲೂ ನಂಬಬೇಡಿ. ಆಗುಂಬೆಯಲ್ಲಿ ಸುರಿದ ಮಳೆ ಕೆಳಗೆ ಬರುತ್ತದೆ.

ಪ್ರಶ್ನೆ ಕೇಳಿದವರು:
ನಿಂತಿದ್ದು ಅಷ್ಟು ಅಪಾಯ ಅಂತ ಗೊತ್ತೇ ಇರಲಿಲ್ಲ. ಜೊತೆಗಿದ್ದವರಿಗೂ ಈಗಲೇ ಹೇಳುತ್ತೇನೆ. ಪಟ್ಟಿ ಬರುವವರೆಗೆ ಕೋಡಿ ಬೆಂಗ್ರೆಯಲ್ಲೇ ಸೊಂಟದ ಅಭ್ಯಾಸ.